ಘಾಟಿ ಹತ್ತುವಾಗ ಆಯಿಲ್ ಲೈಟ್ ಮಿಣುಕುತ್ತದೆ, ಇಂಜಿನ್ ಬಿಚ್ಚಿಸಬೇಕಾ?

ಅಡಿಕೆಚೊಗರು:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ, ಮೇಗರವಳ್ಳಿ ಹತ್ತಿರ. ಮನೆಯಲ್ಲಿರುವುದು 2007ರ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಲಕ್ಷ ಕಿಲೋಮೀಟರ್ ದಾಟಿದೆ. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಹಾಕಿದರೆ ‘ಆ ಗಾಡಿ ಯಾಕೆ ತಗೊಂಡ್ರಿ’ ಅಂತ ಮಾತು ಬೇರೆ ದಾರಿ ಹಿಡಿಯುತ್ತದೆ.

ತೊಂದರೆ ಏನಪ್ಪಾ ಅಂದರೆ, ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ಆಗಾಗ ಮಿಣುಕುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ತಿರುವುಗಳಲ್ಲಿ ಗ್ಯಾರಂಟಿ ಬರುತ್ತದೆ. ಅದೇ ಘಾಟಿ ಇಳಿಯುವಾಗ ಇಲ್ಲ. ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಹೋಗಿ ಬಂದರೂ ಇಲ್ಲ. ಕಡ್ಡಿ ತೆಗೆದು ನೋಡಿದರೆ ಆಯಿಲ್ ಎರಡು ಗೆರೆಗಳ ಮಧ್ಯೆ ಸರಿಯಾಗಿದೆ. ಗ್ಯಾರೇಜಿನಲ್ಲಿ ಸೆನ್ಸರ್ ಹೋಗಿದೆ ಅಂತ ಹೊಸದು ಹಾಕಿದರು. ಕೆಲವು ವಾರ ಸುಮ್ಮನಿತ್ತು, ಈಗ ಮತ್ತೆ ಶುರು. ಈಗ ‘ಬೇರಿಂಗ್ ಸವೆದಿದೆ, ಇಂಜಿನ್ ಬಿಚ್ಚಲೇಬೇಕು’ ಅನ್ನುತ್ತಿದ್ದಾರೆ. ಅವರು ಹೇಳಿದ ಖರ್ಚು ಗಾಡಿ ಮಾರಿದರೂ ಹುಟ್ಟುವುದಿಲ್ಲ. ಬಿಚ್ಚುವ ಮೊದಲು ನಾವೇ ನೋಡಬಹುದಾದ್ದು ಏನಾದರೂ ಇದೆಯಾ?

ಗಾಂಧಿಬಜಾರ್ ಗಾಡಿ:
ಸರ್, 20ಡಬ್ಲ್ಯೂ-50 ಹಾಕಿಸಿ. ದಪ್ಪ ಆಯಿಲ್. ನಮ್ಮ ಮಾವನ ಗಾಡಿಗೆ ಹಾಕಿಸಿದ ಮೇಲೆ ಲೈಟ್ ಬಂದೇ ಇಲ್ಲ. ಹಳೇ ಇಂಜಿನ್‌ಗೆ ಅದೇ ಸರಿ.

ಹುಲಿಕಲ್‌ ತಿರುವು:
ಮೊದಲು ಚೇಂಬರ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ನೋಡಿ ಮಾರಾಯ್ರೆ. ನಿಮ್ಮ ಕಡೆ ತೋಟದ ರಸ್ತೆ ಹೇಗಿರುತ್ತದೆ ಅಂತ ಗೊತ್ತು. ನನ್ನದು ಹೊಸನಗರ. ಗದ್ದೆ ದಾರಿಯಲ್ಲಿ ಒಂದು ಗುಂಡುಕಲ್ಲು ಅಡಿಗೆ ಬಡಿದು ಚೇಂಬರ್ ಒಳಗೆ ತಗ್ಗಿತ್ತು. ಆಯಿಲ್ ಒಂದು ಹನಿ ಸೋರಲಿಲ್ಲ, ಹಾಗಾಗಿ ಏನೂ ಆಗಿಲ್ಲ ಅಂದುಕೊಂಡೆವು. ಆದರೆ ಆಯಿಲ್ ಎಳೆಯುವ ಜಾಲರಿ ಚೇಂಬರಿನ ತಳಕ್ಕೆ ತೀರಾ ಹತ್ತಿರ ಇರುತ್ತದೆ. ತಳ ಒಳಗೆ ತಗ್ಗಿದರೆ ಜಾಲರಿಗೆ ಒತ್ತಿಕೊಳ್ಳುತ್ತದೆ. ಪಂಪಿಗೆ ಬೇಕಾದಷ್ಟು ಆಯಿಲ್ ಸಿಗುವುದಿಲ್ಲ. ಜೋರಾಗಿ ಓಡಿಸಿದಾಗ ಲೈಟ್ ಬರುತ್ತಿತ್ತು.

ನಂಬರ್ 12 ಸ್ಪ್ಯಾನರ್:
ಸ್ವಲ್ಪ ನಿಧಾನ. ನಾನು ಶಿವಮೊಗ್ಗದಲ್ಲಿ ಜಾಸ್ತಿ ಹಳೇ ಗಾಡಿಗಳನ್ನೇ ನೋಡುವವನು. ಒಂದು ವಿಷಯ ಮೊದಲು ಸ್ಪಷ್ಟ ಆಗಲಿ. ಆ ಕೆಂಪು ಲೈಟಿಗೂ ಆಯಿಲ್ ಎಷ್ಟಿದೆ ಅನ್ನುವುದಕ್ಕೂ ನೇರ ಸಂಬಂಧ ಇಲ್ಲ. ಅದು ಪ್ರೆಷರ್ ಲೈಟ್. ನೀವು ಸೆನ್ಸರ್ ಅನ್ನುತ್ತಿರುವುದು ನಿಜಕ್ಕೂ ಒಂದು ಸ್ವಿಚ್ ಅಷ್ಟೇ. ಪ್ರೆಷರ್ ಇಲ್ಲದಾಗ ಲೈಟಿನ ವೈರನ್ನು ಇಂಜಿನ್ ಬಾಡಿಗೆ ಅರ್ಥ್ ಮಾಡುತ್ತದೆ, ಲೈಟ್ ಹತ್ತುತ್ತದೆ. ಇಂಜಿನ್ ಸ್ಟಾರ್ಟ್ ಆಗಿ ಪ್ರೆಷರ್ ಬಂದರೆ ಒಳಗಿನ ಡಯಾಫ್ರಮ್ ಏಳುತ್ತದೆ, ಅರ್ಥ್ ಬಿಡುತ್ತದೆ, ಲೈಟ್ ಆರುತ್ತದೆ. ಲೈಟ್ ಆರುವ ಆ ಲೆಕ್ಕ ಸಾಮಾನ್ಯವಾಗಿ 3ರಿಂದ 7 ಪಿಎಸ್‌ಐ (ಪ್ರೆಷರ್ ಅಳೆಯುವ ಮಾಪ). ಅಂದರೆ ತೀರಾ ಕಡಿಮೆ. ಹಾಗಾಗಿ ಲೈಟ್ ಆರಿದೆ ಅಂದ ಮಾತ್ರಕ್ಕೆ ಪ್ರೆಷರ್ ಚೆನ್ನಾಗಿದೆ ಅಂತ ಅರ್ಥ ಅಲ್ಲ. ನಿಜವಾಗಿ ಪ್ರೆಷರ್ ಬಿದ್ದು ಲೈಟ್ ಹತ್ತಿದ್ದರೆ ಇಂಜಿನ್‌ಗೆ ಉಳಿದ ಸಮಯ ಬಹಳ ಕಡಿಮೆ.

ದಪ್ಪ ಆಯಿಲ್ ಹಾಕಿದರೆ ಬಿಸಿಯಲ್ಲಿ ಪ್ರೆಷರ್ ಸ್ವಲ್ಪ ಏರುತ್ತದೆ, ನಿಜ. ಲೈಟೂ ಆರಬಹುದು. ಆದರೆ ಸವೆದ ಬೇರಿಂಗ್ ಸವೆದೇ ಇರುತ್ತದೆ. ಕಾರಣ ಗೊತ್ತಾಗುವ ಮೊದಲು ಆಯಿಲ್ ಬದಲಿಸಬೇಡಿ. ಪುಸ್ತಕದಲ್ಲಿ ಹೇಳಿದ ಗ್ರೇಡ್ ಇರಲಿ.

ಅಡಿಕೆಚೊಗರು ಅವರೇ, ಇಷ್ಟು ಹೇಳಿ. ಲೈಟ್ ಬರುವುದು ಇಂಜಿನ್ ಬಿಸಿ ಇದ್ದಾಗ ಮಾತ್ರವಾ? ಗಾಡಿ ನಿಂತು ಇಂಜಿನ್ ಸ್ಲೋದಲ್ಲಿ (ಐಡ್ಲಿಂಗ್) ಓಡುವಾಗ ಬರುತ್ತದಾ? ಬಂದದ್ದು ಯಾವಾಗ ಆರುತ್ತದೆ? ಈ ಕೊನೆಯದನ್ನು ಸರಿಯಾಗಿ ಗಮನಿಸಿ ಹೇಳಿ. ಎಲ್ಲರೂ ಯಾವಾಗ ಹತ್ತುತ್ತದೆ ಅಂತ ಹೇಳುತ್ತಾರೆ, ಯಾವಾಗ ಆರುತ್ತದೆ ಅಂತ ಯಾರೂ ಹೇಳುವುದಿಲ್ಲ.

ಅಡಿಕೆಚೊಗರು:
ಸ್ಪ್ಯಾನರ್ ಸರ್, ಒಳ್ಳೇ ಪ್ರಶ್ನೆ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ.

ಬಿಸಿಗೂ ತಣ್ಣಗಿರುವುದಕ್ಕೂ ವ್ಯತ್ಯಾಸ ಇಲ್ಲ. ಬೆಳಿಗ್ಗೆ ಗಾಡಿ ತೆಗೆದ ಕೂಡಲೇ ನಮ್ಮ ಅಂಗಳದಿಂದ ಡಾಂಬರು ರಸ್ತೆಗೆ ಒಂದು ಏರು ಇದೆ. ಫಸ್ಟ್ ಗೇರಿನಲ್ಲೇ ಹತ್ತಬೇಕು. ಅಲ್ಲೂ ಬರುತ್ತದೆ. ತೀರ್ಥಹಳ್ಳಿ ಪೇಟೆಯಲ್ಲಿ ಬಿಸಿ ಇಂಜಿನ್‌ನಲ್ಲಿ ಸುಮ್ನೆ ನಿಲ್ಲಿಸಿಕೊಂಡಿದ್ದರೆ ಬರುವುದಿಲ್ಲ.

ಆರುವುದು ಕ್ಲಚ್ ಒತ್ತಿದಾಗ! ಏರಿನಲ್ಲಿ ಎಳೆಯುತ್ತಿರುವಾಗ ಲೈಟ್ ಇರುತ್ತದೆ, ಕ್ಲಚ್ ಒತ್ತಿದ ಕ್ಷಣ ಹೋಗುತ್ತದೆ. ಇದನ್ನು ಮೊದಲು ನಾನು ಗಮನಿಸಿರಲಿಲ್ಲ, ಅಪ್ಪ ಹೇಳಿದ್ದು.

ಮತ್ತೆ ಹುಲಿಕಲ್‌ ಅವರೇ, ಕೆಳಗೆ ಬಗ್ಗಿ ನೋಡಿದೆ. ಚೇಂಬರಿನಲ್ಲಿ ತಗ್ಗು ಇದೆ. ಅಂಗೈ ಅಗಲ.

ಹುಲಿಕಲ್‌ ತಿರುವು:
ನೋಡಿ, ಹೇಳಿದೆ ಅಲ್ವಾ! ಅದೇ. ಏರಿನಲ್ಲಿ ಆಯಿಲ್ ಹಿಂದಕ್ಕೆ ಸರಿಯುತ್ತದೆ, ಜಾಲರಿ ಬಾಯಿಗೆ ಸಿಗುವುದಿಲ್ಲ. ಚೇಂಬರ್ ಬಿಚ್ಚಿಸಿ, ತಗ್ಗು ತೆಗೆಸಿ, ಹೊಸ ಪ್ಯಾಕಿಂಗ್ ಹಾಕಿಸಿ.

ಗಾಂಧಿಬಜಾರ್ ಗಾಡಿ:
ಚೇಂಬರ್ ಬಿಚ್ಚುವಾಗ ಹೇಗೂ ಆಯಿಲ್ ಚೆಲ್ಲಬೇಕು. ಆಗಲಾದರೂ 20ಡಬ್ಲ್ಯೂ-50 ಹಾಕಿಸಿ 😄

ವೈರ್‌ಮ್ಯಾನ್ ಸಾಗರ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಕ್ಲಚ್ ವಿಷಯ ಕೇಳಿದ ಮೇಲೆ ತಡೆಯಲಿಕ್ಕಾಗಲಿಲ್ಲ.

ಹುಲಿಕಲ್‌ ಅಣ್ಣ, ಕ್ಲಚ್ ಒತ್ತಿದರೆ ರಸ್ತೆಯ ಏರು ಕಡಿಮೆ ಆಗುತ್ತದಾ? ಗಾಡಿ ಅಷ್ಟೇ ವಾಲಿರುತ್ತದೆ, ಆಯಿಲ್ ಅಲ್ಲೇ ಇರುತ್ತದೆ. ಮತ್ತೆ ಲೈಟ್ ಯಾಕೆ ಆರಬೇಕು? ಬೇರಿಂಗ್ ಮಾತೂ ಹಾಗೇ. ಬೇರಿಂಗ್ ಸವೆದ ಇಂಜಿನ್‌ನಲ್ಲಿ ಲೈಟ್ ಬರುವುದು ಆಯಿಲ್ ಕಾದು ತೆಳ್ಳಗಾಗಿ, ಆರ್‌ಪಿಎಂ ಕಡಿಮೆ ಇದ್ದಾಗ. ಬೆಳಿಗ್ಗೆ ತಣ್ಣಗಿನ ಆಯಿಲ್ ದಪ್ಪ ಇರುತ್ತದೆ, ದಿನದಲ್ಲಿ ಪ್ರೆಷರ್ ಅತಿ ಜಾಸ್ತಿ ಇರುವ ಹೊತ್ತು ಅದು. ಆಗಲೇ ಏರಿನಲ್ಲಿ ಲೈಟ್ ಬರುತ್ತದೆ, ಬಿಸಿಯಾಗಿ ಸ್ಲೋದಲ್ಲಿ ನಿಂತಾಗ ಬರುವುದಿಲ್ಲ ಅಂದರೆ ಎಲ್ಲಾ ತಲೆಕೆಳಗಾಗಿದೆ.

ಕ್ಲಚ್ ಒತ್ತಿದಾಗ ಬದಲಾಗುವುದು ಒಂದೇ. ಇಂಜಿನ್ ಕೂತಿರುವ ಭಂಗಿ. ಫ್ರಂಟ್ ವೀಲ್ ಡ್ರೈವ್ ಗಾಡಿಯಲ್ಲಿ ಇಂಜಿನ್ ಅಡ್ಡ ಕೂತಿರುತ್ತದೆ. ಫಸ್ಟ್ ಗೇರಿನಲ್ಲಿ ಜೋರಾಗಿ ಎಳೆಯುವಾಗ ಅದರ ತಲೆ ಹಿಂದಕ್ಕೆ ವಾಲುತ್ತದೆ. ಕ್ಲಚ್ ಒತ್ತಿದರೆ ಜಾಗಕ್ಕೆ ಬರುತ್ತದೆ. ಇಂಜಿನ್ನನ್ನು ಬಾಡಿಗೆ ಹಿಡಿದಿಡುವ ಮೌಂಟಿಂಗ್ ರಬ್ಬರ್ ಹಳೆಯದಾಗಿದ್ದರೆ ಇನ್ನೂ ಜಾಸ್ತಿ ವಾಲುತ್ತದೆ. ಆ ಆಯಿಲ್ ಸ್ವಿಚ್ಚಿನ ಒಂಟಿ ವೈರ್ ಎಲ್ಲೋ ಸವೆದು ತಾಮ್ರ ಹೊರಗೆ ಬಂದು, ಇಂಜಿನ್ ವಾಲಿದಾಗ ಕಬ್ಬಿಣಕ್ಕೆ ತಾಗುತ್ತಿದೆ ಅಂತ ನನ್ನ ಲೆಕ್ಕ. ಹೊಸ ಸೆನ್ಸರ್ ಹಾಕುವಾಗ ಆ ವೈರನ್ನು ಎಳೆದಾಡಿರುತ್ತಾರೆ, ಕೆಲವು ವಾರ ಬೇರೆ ಜಾಗದಲ್ಲಿ ಕೂತಿತ್ತು. ಅದಕ್ಕೇ ‘ಸರಿಯಾಯಿತು’ ಅಂತ ಕಂಡದ್ದು.

ನಂಬರ್ 12 ಸ್ಪ್ಯಾನರ್:
ಸಾಗರದವರ ಲೆಕ್ಕ ನನಗೂ ಒಪ್ಪಿಗೆ. ಆದರೆ ಗಾಡಿಯನ್ನು ಘಾಟಿ ಹತ್ತಿಸಲು ಲೆಕ್ಕ ಒಂದೇ ಸಾಲದು. ಚೇಂಬರ್ ತಗ್ಗಿರುವುದೂ ಸುಳ್ಳಲ್ಲ. ಎರಡು ಕೆಲಸ ಮಾಡಿ.

ಒಂದನೆಯದಕ್ಕೆ ಖರ್ಚೇ ಇಲ್ಲ, ಇಂಜಿನ್ ಸ್ಟಾರ್ಟ್ ಮಾಡುವುದೂ ಬೇಡ. ಸ್ವಿಚ್ಚಿನ ವೈರ್ ಕಿತ್ತು ತುದಿಗೆ ಟೇಪ್ ಸುತ್ತಿ. ಕೀ ಆನ್ ಮಾಡಿ. ಲೈಟ್ ಹತ್ತಬಾರದು. ಈಗ ಒಬ್ಬರು ಡ್ಯಾಶ್‌ಬೋರ್ಡ್ ನೋಡುತ್ತಿರಲಿ, ಇನ್ನೊಬ್ಬರು ಆ ವೈರ್ ಹೋಗಿರುವ ದಾರಿಯುದ್ದಕ್ಕೂ ಕೈಯಿಂದ ಅಲ್ಲಾಡಿಸಿ, ಇಂಜಿನ್ನನ್ನೂ ಹಿಂದೆ ಮುಂದೆ ನೂಕಿ. ಲೈಟ್ ಮಿಣುಕಿದರೆ ಆಯಿಲಿನ ಪ್ರಶ್ನೆಯೇ ಅಲ್ಲ, ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ.

ಎರಡನೆಯದು ಗೇಜ್. ಇದನ್ನು ಬಿಡಬೇಡಿ. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಪ್ರೆಷರ್ ಗೇಜ್ ಹಾಕುವುದು. ನಿಮಗೆ ಲೈಟೂ ಗೇಜೂ ಒಟ್ಟಿಗೆ ಕಾಣಬೇಕು, ಹಾಗಾಗಿ ಮಧ್ಯೆ ಒಂದು ಹಿತ್ತಾಳೆ ಟಿ ಹಾಕಿ. ಒಂದು ಬಾಯಿಗೆ ಸ್ವಿಚ್, ಇನ್ನೊಂದಕ್ಕೆ ಗೇಜ್. ಜಪಾನ್ ಮೂಲದ ಇಂಜಿನ್ ಆದರೆ ಹೆಚ್ಚಾಗಿ 1/8 ಇಂಚಿನ ಪೈಪ್ ಥ್ರೆಡ್ ಇರುತ್ತದೆ. ಯುರೋಪಿನ ಹಲವು ಇಂಜಿನ್‌ಗಳಲ್ಲಿ 10 ಎಂಎಂ. ಹಳೇ ಸ್ವಿಚ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಸಿಗದಿದ್ದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಲೇತ್‌ನವರನ್ನು ಕೇಳಿ, ಮಾಡಿಕೊಡುತ್ತಾರೆ.

ಟೆಫ್ಲಾನ್ ಟೇಪನ್ನು ಜಾಸ್ತಿ ಸುತ್ತಬೇಡಿ. ಒಂಟಿ ವೈರಿನ ಸ್ವಿಚ್ಚಿಗೆ ಅರ್ಥ್ ಸಿಗುವುದೇ ಆ ಥ್ರೆಡ್ ಮೂಲಕ. ಟೇಪಿನಿಂದ ಅರ್ಥ್ ತಪ್ಪಿದರೆ ಪ್ರೆಷರ್ ಪೂರ್ತಿ ಹೋದರೂ ಲೈಟ್ ಹತ್ತುವುದಿಲ್ಲ. ಟೇಪಿನ ಚೂರು ಒಳಗೆ ಹೋಗಿ ಆಯಿಲ್ ದಾರಿಯಲ್ಲಿ ಕೂತರೂ ಕಷ್ಟ.

ಅಡಿಕೆಚೊಗರು:
ಎಷ್ಟು ಪ್ರೆಷರ್ ತೋರಿಸಬೇಕು ಸರ್?

ನಂಬರ್ 12 ಸ್ಪ್ಯಾನರ್:
ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಸಿಕ್ಕಿದರೆ ಅದರ ಅಂಕಿಯೇ ಅಂತಿಮ. ಸಿಗದಿದ್ದರೆ ಗ್ಯಾರೇಜಿನವರ ಹಳೇ ಲೆಕ್ಕ, ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಬೇಕು. ತಣ್ಣಗಿದ್ದಾಗ ಎಂಥ ಸವೆದ ಇಂಜಿನ್ನೂ ಚೆನ್ನಾಗಿ ತೋರಿಸುತ್ತದೆ.

ಸ್ಲೋದಲ್ಲಿ ಕಡಿಮೆ, ರೇಸ್ ಕೊಟ್ಟರೆ ಏರುತ್ತದೆ ಅಂದರೆ ಬೇರಿಂಗ್ ಅಥವಾ ಪಂಪ್ ಸವೆತದ ಕಡೆ ಅನುಮಾನ. ಸ್ಲೋದಲ್ಲಿ ಸರಿ, ರೇಸ್ ಕೊಟ್ಟಾಗ ಮುಳ್ಳು ಏರುವ ಬದಲು ಬೀಳುತ್ತದೆ ಅಥವಾ ನಡುಗುತ್ತದೆ ಅಂದರೆ ಜಾಲರಿ ಕಟ್ಟಿದೆ, ಇಲ್ಲವೇ ಚೇಂಬರ್ ಒತ್ತಿದೆ. ಹುಲಿಕಲ್‌ ಅವರಿಗೆ ಆದದ್ದು ಇದೇ.

ಗೇಜ್ ಹಾಕಿಕೊಂಡು ರಸ್ತೆಗೆ ಹೋಗಬೇಡಿ. ಪೈಪ್ ಕಿತ್ತರೆ ಕಾದ ಆಯಿಲ್ ಸೈಲೆನ್ಸರ್ ಮೇಲೆ ಚಿಮ್ಮಿ ಬೆಂಕಿ ಹತ್ತಬಹುದು. ನಿಂತಲ್ಲೇ ಮಾಡಿ. ಚಕ್ರಗಳಿಗೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಬ್ರೇಕ್ ಮೇಲೆ ಕಾಲಿಡಿ. ಫಸ್ಟ್ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ಚನ್ನು ಅರ್ಧ ಬಿಡಿ. ಇಂಜಿನ್ ವಾಲುವುದು ಬಾನೆಟ್ ಎತ್ತಿದವರಿಗೆ ಕಣ್ಣಿಗೆ ಕಾಣುತ್ತದೆ. ಒಂದೆರಡು ಸೆಕೆಂಡ್ ಸಾಕು, ಕ್ಲಚ್ ಸುಡಬೇಡಿ. ಗಾಡಿಯ ಎದುರು ಯಾರೂ ನಿಲ್ಲಬಾರದು, ಬದಿಯಿಂದ ನೋಡಬೇಕು.

ಮಳೆಗಾಲ ಕೊಪ್ಪ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಗಾಡಿಯಲ್ಲಿ ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆ ಹಾಗೆ ಬೆಳ್ಳಗೆ ಕೂತಿದೆ. ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಕೆಳಗಿನ ಪ್ಯಾಕಿಂಗ್) ಹೋಗಿದೆ ಅಂತ ಒಬ್ಬರು ಹೆದರಿಸಿದರು. ಲೈಟ್ ಏನೂ ಬರುವುದಿಲ್ಲ.

ನಂಬರ್ 12 ಸ್ಪ್ಯಾನರ್:
ಮಳೆಗಾಲದಲ್ಲಿ ಪೇಟೆಗೆ ಹೋಗಿ ಬರುವಷ್ಟೇ ಓಡಿಸುತ್ತೀರಾ? ಇಂಜಿನ್ ಪೂರ್ತಿ ಕಾಯುವುದಿಲ್ಲ, ಒಳಗಿನ ನೀರಾವಿ ಮುಚ್ಚಳಕ್ಕೆ ಹತ್ತಿ ಆಯಿಲ್ ಜೊತೆ ಸೇರುತ್ತದೆ. ನಮ್ಮ ಕಡೆ ಜುಲೈ, ಆಗಸ್ಟಿನಲ್ಲಿ ಇದು ಮಾಮೂಲು. ಕಡ್ಡಿಯಲ್ಲಿ ಬರುವ ಆಯಿಲ್ ಬಣ್ಣ ನೋಡಿ. ಅದೂ ಹಾಲು ಕಾಫಿ ಬಣ್ಣ ಆಗಿದ್ದರೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಆಗ ಗ್ಯಾಸ್ಕೆಟ್ ವಿಚಾರ. ಇಲ್ಲದಿದ್ದರೆ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಒಮ್ಮೆ ಓಡಿಸಿಕೊಂಡು ಬನ್ನಿ, ಹೋಗುತ್ತದೆ.

ಅಡಿಕೆಚೊಗರು:
ಸುದ್ದಿ ಇದೆ!

ಮೊದಲು ವೈರ್ ಕಿತ್ತು ಕೀ ಆನ್ ಮಾಡಿ ಅಲ್ಲಾಡಿಸಿದೆವು. ಏನೂ ಆಗಲಿಲ್ಲ. ಹುಲಿಕಲ್‌ ಅವರು ಗೆದ್ದರು ಅಂದುಕೊಂಡೆ.

ಆಮೇಲೆ ಟಿ ಹಾಕಿ ಗೇಜ್ ಕೂರಿಸಿದೆವು. ಟಿ ಲೇತ್‌ನಲ್ಲೇ ಮಾಡಿಸಬೇಕಾಯಿತು. ರೇಡಿಯೇಟರ್ ಫ್ಯಾನ್ ಬರುವವರೆಗೆ ಕಾಯಿಸಿದ ಮೇಲೆ ಸ್ಲೋದಲ್ಲಿ 20 ಪಿಎಸ್‌ಐ ಹತ್ತಿರ. ಆರ್‌ಪಿಎಂ 3000ಕ್ಕೆ ಏರಿಸಿದರೆ 50 ದಾಟುತ್ತದೆ. ಮುಳ್ಳು ನಡುಗಲಿಲ್ಲ, ಬೀಳಲಿಲ್ಲ.

ಕೊನೆಗೆ ಹಾಫ್ ಕ್ಲಚ್. ಅಪ್ಪ ಒಳಗೆ, ನಾನು ಬದಿಯಲ್ಲಿ. ಕ್ಲಚ್ ಅರ್ಧ ಬಿಡುತ್ತಿದ್ದ ಹಾಗೆ ಇಂಜಿನ್ ಹಿಂದಕ್ಕೆ ವಾಲಿತು. ಇಷ್ಟೊಂದು ವಾಲುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಪ್ಪ ಒಳಗಿಂದ ‘ಬಂತು ಬಂತು’ ಅಂತ ಕೂಗಿದರು. ಗೇಜ್ ಮುಳ್ಳು ಆಗ 40ರ ಮೇಲೇ ಇತ್ತು! ಕ್ಲಚ್ ಒತ್ತಿದರು, ‘ಹೋಯ್ತು’. ಪ್ರೆಷರ್ ಪೂರ್ತಿ ಇದ್ದಾಗಲೇ ಲೈಟ್ ಹತ್ತುತ್ತಿದೆ.

ವೈರ್‌ಮ್ಯಾನ್ ಸಾಗರ:
40 ಪಿಎಸ್‌ಐ ಇದ್ದಾಗ ಲೈಟ್! ಇನ್ನು ಇಂಜಿನ್ ಬಿಚ್ಚುವ ಮಾತೇ ಬೇಡ. ಕೈಯಲ್ಲಿ ಅಲ್ಲಾಡಿಸಿದಾಗ ಇಂಜಿನ್ ಅಷ್ಟು ದೂರ ಸರಿದಿರುವುದಿಲ್ಲ, ಅದಕ್ಕೇ ಸಿಕ್ಕಿಲ್ಲ. ಈಗ ವೈರ್ ದಾರಿ ಹಿಡಿಯಿರಿ. ಇಂಜಿನ್‌ನಿಂದ ಬಾಡಿಗೆ ದಾಟುವ ಜಾಗ ಮೊದಲು ನೋಡಿ. ಹಾಗೇ ಸ್ವಿಚ್ಚಿಗೆ ವೈರ್ ಸೇರುವ ಕಪ್ಲರ್ ಬಿಚ್ಚಿ ಒಳಗೆ ಆಯಿಲ್ ಇದೆಯಾ ನೋಡಿ, ಹಳೇ ಸ್ವಿಚ್ಚುಗಳು ಪ್ಲಾಸ್ಟಿಕ್ ಸಂದಿಯಿಂದ ಸೋರುತ್ತವೆ. ಅಡಿಕೆ ಮನೆ ಹತ್ತಿರ ನಿಲ್ಲಿಸುವ ಗಾಡಿ ಆದರೆ ಇಲಿಯನ್ನೂ ಮರೆಯಬೇಡಿ.

ಅಡಿಕೆಚೊಗರು:
ಇಲಿ ಅಲ್ಲ. ಸಿಕ್ಕಿತು.

ಆ ವೈರ್ ಸ್ವಿಚ್ಚಿನಿಂದ ಹೊರಟು ಇಂಜಿನ್ ಹಿಂದೆ ಒಂದು ಕಬ್ಬಿಣದ ಬ್ರಾಕೆಟ್ ಪಕ್ಕ ಹಾದುಹೋಗುತ್ತದೆ. ಅಲ್ಲಿ ಕ್ಲಿಪ್ ಮುರಿದಿದೆ. ಮೇಲಿನ ಸ್ಲೀವ್ ನೋಡಲು ಚೆನ್ನಾಗೇ ಇತ್ತು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಭತ್ತದ ಕಾಳಿನಷ್ಟು ಉದ್ದಕ್ಕೆ ಸವೆದು ತಾಮ್ರ ಕಾಣುತ್ತಿತ್ತು, ಸುತ್ತ ಹಸಿರು ಕಿಲುಬು. ಬ್ರಾಕೆಟ್ಟಿನ ಅಂಚಿನಲ್ಲಿ ಅಷ್ಟೇ ಉದ್ದದ ಹೊಳೆಯುವ ಗೆರೆ. ಎರಡನ್ನೂ ಅಕ್ಕಪಕ್ಕ ಹಿಡಿದರೆ ಸರಿಯಾಗಿ ಕೂತವು. ಹಿಂದಿನ ಮೌಂಟಿಂಗ್ ರಬ್ಬರ್ ನಡುವೆ ಸೀಳಿದೆ, ಸ್ಕ್ರೂಡ್ರೈವರ್ ತುದಿ ಒಳಗೆ ಹೋಗುತ್ತದೆ.

ವೈರ್‌ಮ್ಯಾನ್ ಸಾಗರ:
ಟೇಪ್ ಸುತ್ತಿ ಬಿಡಬೇಡಿ ಮತ್ತೆ. ಇಂಜಿನ್ ಬಿಸಿಗೆ ಅಂಟು ಕರಗಿ ಟೇಪ್ ಜಾರುತ್ತದೆ. ಕಿಲುಬು ಹಿಡಿದ ತುಂಡನ್ನು ಎರಡೂ ಕಡೆ ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ವೈರ್ ತುಂಡು ಸೋಲ್ಡರ್ ಮಾಡಿಸಿ, ಶ್ರಿಂಕ್ ಸ್ಲೀವ್ ಹಾಕಿ, ಬ್ರಾಕೆಟ್ಟಿನಿಂದ ದೂರ ಕಟ್ಟಿ. ಇಂಜಿನ್ ವಾಲುವಷ್ಟು ಸಡಿಲ ಬಿಡಿ, ಬಿಗಿಯಾಗಿ ಎಳೆದರೆ ಕಪ್ಲರ್ ಹತ್ತಿರ ಕಿತ್ತುಕೊಳ್ಳುತ್ತದೆ.

ನಂಬರ್ 12 ಸ್ಪ್ಯಾನರ್:
ಮೌಂಟಿಂಗ್ ಬದಲಿಸಲೇಬೇಕು. ಇಲ್ಲದಿದ್ದರೆ ನಾಳೆ ಇನ್ನೊಂದು ವೈರ್ ಸವೆಯುತ್ತದೆ. ಕ್ಲಚ್ ಬಿಡುವಾಗ ಗಾಡಿ ದಡಕ್ ಅನ್ನುತ್ತಿದ್ದರೆ ಅದಕ್ಕೂ ಇದೇ ಕಾರಣ ಇರಬಹುದು.

ಹುಲಿಕಲ್‌ ತಿರುವು:
ಹಾಗಾದರೆ ಆ ಚೇಂಬರ್ ತಗ್ಗು? ಅದನ್ನು ಹಾಗೇ ಬಿಡುವುದಾ?

ನಂಬರ್ 12 ಸ್ಪ್ಯಾನರ್:
3000 ಆರ್‌ಪಿಎಂನಲ್ಲಿ 50 ಪಿಎಸ್‌ಐ ನಿಂತಿದೆ ಅಂದರೆ ಜಾಲರಿಗೆ ಆಯಿಲ್ ಸಿಗುತ್ತಿದೆ. ಇದಕ್ಕಾಗಿಯೇ ಈಗ ಬಿಚ್ಚುವುದು ಬೇಡ. ಮುಂದೆ ಪ್ಯಾಕಿಂಗ್ ಸೋರಿ ಬಿಚ್ಚುವ ಕಾಲ ಬಂದಾಗ ತಗ್ಗು ತೆಗೆಸಿ, ಜಾಲರಿಯನ್ನೂ ಪೆಟ್ರೋಲಿನಲ್ಲಿ ತೊಳೆಸಿ. ನಿಮ್ಮ ರಸ್ತೆಗೆ ಅಡಿಯಲ್ಲಿ ಒಂದು ಗಾರ್ಡ್ ಹಾಕಿಸುವುದು ಒಳ್ಳೆಯದು. ಆಯಿಲ್ ಮಾತ್ರ ಮೇಲಿನ ಗೆರೆಯ ಹತ್ತಿರವೇ ಇರಲಿ. ಕೆಳಗಿನ ಗೆರೆಗೆ ಇಳಿದ ಗಾಡಿಯಲ್ಲಿ ಘಾಟಿ ತಿರುವಿಗೆ ನಿಜವಾಗಿಯೂ ಪಂಪ್ ಗಾಳಿ ಎಳೆಯಬಹುದು.

ಗಾಂಧಿಬಜಾರ್ ಗಾಡಿ:
ನಮ್ಮ ಮಾವನ ಗಾಡಿಗೂ ಒಮ್ಮೆ ಗೇಜ್ ಹಾಕಿಸಬೇಕು ಅಂತ ಕಾಣುತ್ತದೆ.

ನಂಬರ್ 12 ಸ್ಪ್ಯಾನರ್:
ಹೌದು. ಬೇಗ ಹಾಕಿಸಿ.

ಸೆಕೆಂಡ್‌ಹ್ಯಾಂಡ್ ಸಂಸಾರ:
ಇಡೀ ಚರ್ಚೆ ಓದಿ ಭಯ ಆಯಿತು. ನಾನು ರಿಪ್ಪನ್‌ಪೇಟೆ. ಈಚೆಗೆ ಒಂದು ಹಳೇ ಕಾರು ತಗೊಂಡೆ. ನನ್ನದರಲ್ಲಿ ಆಯಿಲ್ ಲೈಟ್ ಯಾವತ್ತೂ ಹತ್ತಿದ್ದನ್ನೇ ನೋಡಿಲ್ಲ. ಕೀ ಆನ್ ಮಾಡಿದಾಗಲೂ ಇಲ್ಲ. ಬ್ಯಾಟರಿ ಲೈಟ್ ಹತ್ತುತ್ತದೆ, ಇದು ಇಲ್ಲ. ಒಳ್ಳೇದೇ ಅಲ್ವಾ?

ವೈರ್‌ಮ್ಯಾನ್ ಸಾಗರ:
ಅಲ್ಲವೇ ಅಲ್ಲ. ಕೀ ಆನ್, ಇಂಜಿನ್ ಆಫ್ ಇದ್ದಾಗ ಹತ್ತಲೇಬೇಕು, ಆಗ ಪ್ರೆಷರ್ ಸೊನ್ನೆ. ಹತ್ತದಿದ್ದರೆ ಲೈಟ್ ಕೆಲಸ ಮಾಡುತ್ತಿಲ್ಲ. ಸ್ವಿಚ್ಚಿನ ವೈರ್ ಕಿತ್ತು ಇಂಜಿನ್ ಲೋಹಕ್ಕೆ ತಾಗಿಸಿ ಕೀ ಆನ್ ಮಾಡಿ. ಹತ್ತಿದರೆ ಬಲ್ಬ್, ವೈರ್ ಸರಿ ಇವೆ, ಸ್ವಿಚ್ ಹೋಗಿದೆ. ಹತ್ತದಿದ್ದರೆ ಬಲ್ಬ್ ಅಥವಾ ವೈರ್.

ಸೆಕೆಂಡ್‌ಹ್ಯಾಂಡ್ ಸಂಸಾರ:
ಕೀಳಲು ಹೋದರೆ ವೈರ್ ಸ್ವಿಚ್ಚಿಗೆ ಸೇರಿಸಿಯೇ ಇರಲಿಲ್ಲ! ಟೇಪ್ ಸುತ್ತಿ ಪಕ್ಕಕ್ಕೆ ಮಡಚಿ ಇಟ್ಟಿದ್ದಾರೆ. ಸೇರಿಸಿದೆ. ಕೀ ಆನ್ ಮಾಡಿದರೆ ಲೈಟ್ ಹತ್ತಿತು, ಸ್ಟಾರ್ಟ್ ಮಾಡಿದರೆ ಆರಿತು. ಖುಷಿಯಾಯಿತು. ಸ್ವಲ್ಪ ಹೊತ್ತು ಬಿಸಿಯಾದ ಮೇಲೆ ಸ್ಲೋದಲ್ಲಿ ಮಿಣುಕಲು ಶುರು. ರೇಸ್ ಕೊಟ್ಟರೆ ಹೋಗುತ್ತದೆ.

ನಂಬರ್ 12 ಸ್ಪ್ಯಾನರ್:
ಆಫ್ ಮಾಡಿ. ಸಮ ನೆಲದಲ್ಲಿ ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಿ. ಆಯಿಲ್ ಪೆಟ್ರೋಲ್ ವಾಸನೆ ಬರುತ್ತದಾ, ನೀರಿನ ಹಾಗೆ ತೆಳ್ಳಗಿದೆಯಾ ನೋಡಿ. ಆಯಿಲ್ ಯಾವಾಗ ಬದಲಿಸಿದ್ದು ಗೊತ್ತಿಲ್ಲದಿದ್ದರೆ ಪುಸ್ತಕದ ಗ್ರೇಡಿನ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿಸಿ ಗೇಜ್ ಹಿಡಿಯಿರಿ. ಆಮೇಲೂ ಬಿಸಿಯಲ್ಲಿ ಮುಳ್ಳು ಕೆಳಗೇ ಇದ್ದರೆ ನಿಮ್ಮ ಇಂಜಿನ್ ನಿಜಕ್ಕೂ ಬಿಚ್ಚಬೇಕಾದದ್ದು. ಅಲ್ಲಿವರೆಗೆ ಓಡಿಸಬೇಡಿ.

ಅಡಿಕೆಚೊಗರು:
ಸಂಸಾರ ಅವರೇ, ಗೇಜ್, ಟಿ ಎರಡೂ ನನ್ನ ಹತ್ತಿರ ಸುಮ್ನೆ ಬಿದ್ದಿವೆ. ನಿಮ್ಮ ಸ್ವಿಚ್ಚಿನ ಥ್ರೆಡ್ ಫೋಟೋ ಕಳಿಸಿ. 1/8 ಇಂಚಿನದೇ ಆಗಿದ್ದರೆ ಭಾನುವಾರ ಹುಂಚಕ್ಕೆ ಬರುವವನಿದ್ದೇನೆ, ತಂದುಕೊಡುತ್ತೇನೆ.